ಒಂದು ಉದ್ದ, ಎರಡು ಗಿಡ್ಡ

ಮತ್ತೆ ಬಂತು. ಒಂದು ಉದ್ದ, ಎರಡು ಗಿಡ್ಡ.

ಹೆನ್ನಿಂಗ್ ಕೋಟಿನ ತೋಳನ್ನು ಮೇಲಕ್ಕೆಳೆದು ಮುಂಗೈಗೆ ಬಿಗಿದಿದ್ದ ಪಟ್ಟಿಯನ್ನು ನೋಡಿದ. ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಕಣ್ಣಿಗೆ ಕೆಲಸವಿಲ್ಲದ ಜಾಗಕ್ಕೆಂದೇ ಅವನು ಮಾಡಿದ ವಸ್ತು ಅದು. ಚರ್ಮದ ಮೇಲೆ ನಡುಗುತ್ತಿತ್ತು, ಅಷ್ಟೆ. ಆ ನಡುಕದಲ್ಲಿ ಆರು ಮಾತುಗಳಿದ್ದವು. ಆರನ್ನೂ ಅವನೇ ಆರಿಸಿದ್ದ. ಇದ್ದೀಯಾ, ಇದ್ದೇನೆ, ಸಿಕ್ಕಿತು, ತಿರುಗು, ಗಾಳಿ ಕಡಿಮೆ, ಅಪಾಯ. ಒಂದು ಉದ್ದ ಎರಡು ಗಿಡ್ಡ ಎಂಬುದು ಆ ಆರರಲ್ಲಿ ಇರಲಿಲ್ಲ.

ಎದುರಿಗೆ ಹಳೆಯ ಹಡಗಿನ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ ಕಬ್ಬಿಣದ ಮನೆ. ಅಗ್ನಿಶಾಮಕ ದಳದವರು ಅದರೊಳಗೆ ಹಲಗೆಗಳನ್ನು ಸುಟ್ಟು, ಹೊಗೆ ತುಂಬಿಸಿ ಅಭ್ಯಾಸ ಮಾಡುತ್ತಾರೆ. ಈಗ ಒಳಗೆ ಇಬ್ಬರಿದ್ದರು. ಒಬ್ಬಳು ಟೋರಾ, ಅವನ ಹೆಂಡತಿ. ಇನ್ನೊಬ್ಬ ರೋಲ್ಫ್, ಅವಳ ಜೊತೆಗಾರ. ಇಂಥವರಿಗೆ ಹೊಗೆ ಮುಳುಗುಗಾರರು ಎಂದೇ ಹೆಸರು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ನೀರಿಗೆ ಇಳಿದ ಹಾಗೆ ಹೊಗೆಗೆ ಇಳಿಯುತ್ತಾರೆ. ಯಾವಾಗಲೂ ಜೋಡಿಯಾಗಿ. ಜೋಡಿಯಾಗಿ ಹೋಗಬೇಕು, ಜೋಡಿಯಾಗಿ ಬರಬೇಕು. ಈ ಕೆಲಸದಲ್ಲಿ ಅದನ್ನು ಮೀರಿದ ನಿಯಮವಿಲ್ಲ.

ಜೋಡಿ ಎಂಬ ಪದ ಹೆನ್ನಿಂಗ್‌ನ ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಬಹಳ ಕಾಲವಾಗಿತ್ತು.

ಪಟ್ಟಿ ತೋಳಿನ ಹೊರಮೈಯಲ್ಲಿ ನಡುಗಿದರೆ ಮಾತು ರೋಲ್ಫ್‌ನದು. ಒಳಮೈಯಲ್ಲಿ, ಚರ್ಮ ತೆಳ್ಳಗಿರುವ ಕಡೆ ನಡುಗಿದರೆ ಟೋರಾಳದು. ಹಾಗೆ ಹಂಚಿದವನೂ ಅವನೇ. ಪರೀಕ್ಷೆ ನಡೆಸುವವನಿಗೆ ಇಬ್ಬರದೂ ಕೇಳಿಸಬೇಕು ಎಂದು ತನಗಾಗಿ ಮೂರನೆಯ ಪಟ್ಟಿಯೊಂದನ್ನು ಮಾಡಿಕೊಂಡಿದ್ದ. ಆ ನೆಪ ಅವನು ಕೆಲಸ ಮಾಡುವ ಕಂಪನಿಯಲ್ಲಿ ಎಲ್ಲರಿಗೂ ಸರಿ ಎನಿಸಿತ್ತು.

ಈಗ ಒಳಮೈಯಲ್ಲಿ ಸಣ್ಣದೊಂದು ನಡುಕ ಬಂತು. 'ಇದ್ದೇನೆ' ಎಂದು ಟೋರಾ ಹೇಳಿದ್ದಳು. ಆ ಅರ್ಥವಾಗದ ಮಾತಿಗೆ ಅವಳ ಉತ್ತರ ಅದು.

"ಏನಾದ್ರೂ ಕೇಳಿಸ್ತಾ?" ಬಾಗಿಲ ಬಳಿ ನಿಂತಿದ್ದ ಷೆಲ್ ಕೇಳಿದ. ಪಾಳಿಯ ಮುಖ್ಯಸ್ಥ ಅವನು. ಮಾತಿಗಿಂತ ಮೀಸೆ ಜಾಸ್ತಿ.

"ಇಲ್ಲ. ಎಲ್ಲ ಸರಿ ಇದೆ."

"ಮುಖ ನೋಡಿದ್ರೆ ಹಾಗನ್ನಿಸಲ್ಲ."

"ಚಳಿ" ಎಂದ ಹೆನ್ನಿಂಗ್.

ಉತ್ತರದ ಗಾಳಿ ಕಾಗದದ ಕಾರ್ಖಾನೆಯ ಕೊಳೆತ ಕೋಸಿನ ವಾಸನೆಯನ್ನು ಹೊತ್ತು ತರುತ್ತಿತ್ತು. ಜನವರಿಯ ಸೂರ್ಯ ಮರಗಳ ಮೇಲೆ ಏರುವ ಉಸಾಬರಿಗೆ ಹೋಗದೆ ಅವುಗಳ ಸೊಂಟದಲ್ಲೇ ನಿಂತಿದ್ದ.

ಅವರು ಹೊರಬಂದರು. ಟೋರಾ ಮುಂದೆ, ರೋಲ್ಫ್ ಹಿಂದೆ, ಅವನ ಎಡಗೈ ಅವಳ ಹೆಗಲ ಮೇಲೆ. ಬೆಳಕಿಗೆ ಬಂದಮೇಲೂ ಆ ಕೈ ಕೂಡಲೇ ಇಳಿಯಲಿಲ್ಲ. ಎರಡು ಬಾರಿ ಅದುಮಿ ಆಮೇಲೆ ಇಳಿಯಿತು. ಟೋರಾ ಮುಖವಾಡ ತೆಗೆದು ಉಸಿರು ಬಿಟ್ಟಳು. ಕೂದಲು ಹಣೆಗೆ ಅಂಟಿಕೊಂಡಿತ್ತು, ಮುಖದಲ್ಲಿ ನಗು ಇತ್ತು. ಯಾರನ್ನೂ ನೋಡಿ ನಕ್ಕದ್ದಲ್ಲ. ಮೈ ದಣಿದಾಗ ತಾನಾಗಿ ಬರುವ ನಗು. ಮನೆಯಲ್ಲಿ ಅದನ್ನು ಅವನು ಕಂಡಿರಲಿಲ್ಲ.

"ಏನಪ್ಪಾ ಪಂಡಿತ" ಎಂದ ರೋಲ್ಫ್. "ನಿನ್ನ ಯಂತ್ರ ಇನ್ನೂ ಬದುಕಿದೆ. ನಾನೂ ಬದುಕಿದೀನಿ. ಎರಡರಲ್ಲಿ ಯಾವುದಕ್ಕೆ ನಿಂಗೆ ಖುಷಿ?"

"ಯಂತ್ರಕ್ಕೆ."

"ನೋಡು, ಗಂಡಸು ನಿಜ ಹೇಳ್ತಾನೆ." ರೋಲ್ಫ್ ಮೇಲ್ದುಟಿ ಎತ್ತಿ ಹೊಗೆಸೊಪ್ಪಿನ ಪುಟ್ಟ ಪೊಟ್ಟಣವನ್ನು ಒಳಗೆ ತುರುಕಿಕೊಂಡ.

ರೋಲ್ಫ್ ಚೆಲುವನಾಗಿದ್ದರೆ ಹೆನ್ನಿಂಗ್‌ನ ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇರುತ್ತಿತ್ತು. ಇವನಿಗೆ ಬೊಜ್ಜು ಬಂದ ಹೊಟ್ಟೆ, ಸವೆದ ಮೊಣಕಾಲು. ಎರಡು ಮದುವೆ ಮುರಿದಿತ್ತು. ಹೊಗೆಸೊಪ್ಪಿನಿಂದ ಹಲ್ಲು ಕಂದಾಗಿತ್ತು. ಹೇಳಿದ ಪೋಲಿ ಜೋಕನ್ನೇ ಮತ್ತೆ ಹೇಳುತ್ತಿದ್ದ. ಟೋರಾ ಅವನ ಬಗ್ಗೆ ಮನೆಯಲ್ಲಿ ಮಾತಾಡುತ್ತಲೇ ಇರಲಿಲ್ಲ. ಮಾತಾಡಿದ್ದರೆ ಅನುಮಾನಕ್ಕೆ ಒಂದು ತುದಿ ಸಿಗುತ್ತಿತ್ತು. ಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಿದ್ದಳು, ಸ್ನಾನ ಅಲ್ಲೇ ಆಗಿರುತ್ತಿತ್ತು, ಊಟವೂ ಅಲ್ಲೇ. "ಹೇಗಿತ್ತು?" ಎಂದರೆ "ಪರವಾಗಿಲ್ಲ" ಎಂದು ಮಲಗುತ್ತಿದ್ದಳು. ಅಡುಗೆ, ನಿದ್ದೆ, ಭಯ ಎಲ್ಲವನ್ನೂ ಅಲ್ಲಿ ಕಳೆದು ಬಂದವಳಿಗೆ ಮನೆ ಬಟ್ಟೆ ಬದಲಿಸುವ ಜಾಗವಾಗಿತ್ತು.

ಒಂದು ಬೆಳಿಗ್ಗೆ ಅವಳು ನಿದ್ದೆಯಲ್ಲಿ ಕೈಚಾಚಿ ಅವನ ಹೆಗಲನ್ನು ಹಿಡಿದಳು. ಎರಡು ಬಾರಿ ಅದುಮಿದಳು. ಅವನು ಅಲುಗಾಡದೆ ಮಲಗಿದ್ದ. ಮದುವೆಯಾದಾಗಿನಿಂದ ಅವಳು ಅವನನ್ನು ಹಾಗೆ ಮುಟ್ಟಿರಲಿಲ್ಲ. ಹೆಗಲು ಅವನದೇ ಆಗಿದ್ದರೂ ಆ ಅದುಮು ಯಾರಿಗೆ ಸೇರಿದ್ದೆಂದು ಅವನಿಗೆ ಗೊತ್ತಾಗಿತ್ತು.

ಅದಾದ ಮೇಲೆಯೇ ಅವನು ಈ ತೋಳಪಟ್ಟಿಯ ಯೋಜನೆಯನ್ನು ಕಂಪನಿಯ ಮುಂದಿಟ್ಟಿದ್ದು. ಹೊಗೆಯಲ್ಲಿ ಕಣ್ಣು ಕಾಣದು, ಉಸಿರಿನ ಸದ್ದಿನಲ್ಲಿ ಕಿವಿ ಕೇಳದು, ಕಬ್ಬಿಣದ ಗೋಡೆಯೊಳಗೆ ರೇಡಿಯೋ ಕರಕರ ಎನ್ನುತ್ತದೆ, ಆದ್ದರಿಂದ ಮುಳುಗುಗಾರರು ಒಬ್ಬರನ್ನೊಬ್ಬರು ಮುಟ್ಟಿಕೊಂಡೇ ಇರಬೇಕಾಗುತ್ತದೆ ಎಂದು ವಿವರಿಸಿದ. 'ದೈಹಿಕ ಸಂಪರ್ಕದ ಅವಲಂಬನೆಯನ್ನು ತಗ್ಗಿಸುವುದು' ಎಂದು ಉದ್ದೇಶ ಬರೆದ. ಅದು ಒಳ್ಳೆಯ ವಾಕ್ಯವಾಗಿತ್ತು, ಎಲ್ಲರೂ ತಲೆಯಾಡಿಸಿದರು. ಆ ಎರಡು ಕೈಗಳ ನಡುವೆ ಒಂದು ಯಂತ್ರವನ್ನು ತಂದು ಇಡಬೇಕು ಎಂದು ಅದರ ಅರ್ಥ. ಅದು ಅವನೊಬ್ಬನಿಗೆ ಗೊತ್ತಿತ್ತು.

ಗುರುವಾರವಾದ್ದರಿಂದ, ಅಲ್ಲಿನ ವಾಡಿಕೆಯಂತೆ, ಬಟಾಣಿ ಸಾರು. ಅಗ್ನಿಶಾಮಕ ಠಾಣೆಯಿಂದ ದೊಡ್ಡ ಫ್ಲಾಸ್ಕಿನಲ್ಲಿ ತಂದಿದ್ದರು, ಜೊತೆಗೆ ತೆಳ್ಳಗೆ ಹುಯ್ದ ದೋಸೆ, ಅದಕ್ಕೆ ಹಣ್ಣಿನ ಪಾಕ. ಅಭ್ಯಾಸದ ಬಯಲಿನ ಮೂಲೆಯಲ್ಲಿದ್ದ ಮರದ ಶೆಡ್ಡಿನಲ್ಲಿ ಕುಳಿತು ಉಂಡರು. ರೋಲ್ಫ್ ತನ್ನ ಬಟ್ಟಲಿಗೆ ಸಾಸಿವೆಯ ಗೊಜ್ಜು ಹಾಕಿಕೊಂಡು ಅದರ ಟ್ಯೂಬನ್ನು ನೋಡದೆಯೇ ಟೋರಾಳ ಕಡೆ ಚಾಚಿದ. ಅವಳೂ ನೋಡದೆ ತೆಗೆದುಕೊಂಡಳು.

ಅವಳು ಸಾರಿಗೆ ಸಾಸಿವೆ ಹಾಕಿಕೊಳ್ಳುತ್ತಾಳೆ ಎಂಬುದು ಹೆನ್ನಿಂಗ್‌ಗೆ ಹೊಸ ವಿಷಯ.

"ಒಂದು ಕೇಳಬೇಕಿತ್ತು" ಎಂದ. ದನಿ ತಾನು ಬಯಸಿದ್ದಕ್ಕಿಂತ ಸಣ್ಣಗೆ ಬಂತು. "ಒಂದು ಉದ್ದ, ಎರಡು ಗಿಡ್ಡ. ಅದೇನು?"

ಟೋರಾ ಚಮಚವನ್ನು ಬಟ್ಟಲಿನಲ್ಲಿ ಇಟ್ಟಳು. ರೋಲ್ಫ್ ಅವಳನ್ನು ನೋಡಿದ. ಅವಳು ರೋಲ್ಫ್‌ನನ್ನು ನೋಡಿದಳು. ಅಷ್ಟು ಹೊತ್ತಿನಲ್ಲಿ ಹೆನ್ನಿಂಗ್‌ನ ಸಾರು ತಣ್ಣಗಾಯಿತು.

"ಏನಿಲ್ಲ" ಎಂದಳು ಟೋರಾ. "ಸುಮ್ನೆ."

"ಸುಮ್ನೆ ಅಂದ್ರೆ?"

"ಆಮೇಲೆ ಹೇಳ್ತೀನಿ ಬಿಡು."

"ಅದು ನಿನ್ನ ಪುಸ್ತಕದಲ್ಲಿ ಇಲ್ಲದ್ದು, ಪಂಡಿತ" ಎಂದ ರೋಲ್ಫ್ ದೋಸೆ ಸುತ್ತುತ್ತ. "ದೊಡ್ಡೋರ ಮಾತು."

ಷೆಲ್‌ನ ಮೀಸೆಯಡಿ ಏನೋ ಅಲುಗಿತು. ಟೋರಾ ಮೇಜಿನ ಕೆಳಗೆ ರೋಲ್ಫ್‌ನ ಬೂಟನ್ನು ಒದ್ದಳು. "ಬಾಯ್ಮುಚ್ಕೊಂಡು ತಿನ್ನೋ." ಆ 'ಓ'ಕಾರದ ಸಲಿಗೆ. ಹೆನ್ನಿಂಗ್‌ನನ್ನು ಅವಳು ಯಾವತ್ತೂ ಒದ್ದಿರಲಿಲ್ಲ, ಬೈದಿರಲಿಲ್ಲ. ಅವನ ಹತ್ತಿರ ಅವಳು ಸದಾ ಸೌಜನ್ಯದಿಂದ ಇರುತ್ತಿದ್ದಳು, ಪಕ್ಕದ ಮನೆಯವರ ಹತ್ತಿರ ಇರುವ ಹಾಗೆ.

ಮಾತುಗಳನ್ನು ಕೊಟ್ಟವನು ತಾನು. ಅವರು ಅವನ ಆರು ಮಾತುಗಳನ್ನು ಪಕ್ಕಕ್ಕೆ ತಳ್ಳಿ, ಅವನ ಯಂತ್ರದಲ್ಲೇ ತಮಗೆ ಬೇಕಾದ ಏಳನೆಯದನ್ನು ಹುಟ್ಟಿಸಿಕೊಂಡಿದ್ದರು. ಕೈ ಬಿಡಿಸಲು ಮಾಡಿದ ವಸ್ತು ಗುಟ್ಟು ಮಾತಾಡಲು ಒದಗಿತ್ತು. ಶರತ್ಕಾಲದಲ್ಲಿ ಮುಳುಗುಗಾರರನ್ನೆಲ್ಲ ಕೂಡಿಸಿ ಸಭೆ ನಡೆಸಿದಾಗ ಯಾರೋ ಇನ್ನೊಂದು ಮಾತು ಬೇಕೆಂದು ಕೇಳಿದ್ದುಂಟು. ಬೇಗೆಯಲ್ಲಿ ಮನುಷ್ಯನ ತಲೆ ಆರಕ್ಕಿಂತ ಹೆಚ್ಚು ನಡುಕಗಳನ್ನು ನೆನಪಿಡಲಾರದು ಎಂದು ಅವನು ನಕ್ಷೆ ತೋರಿಸಿ ಒಪ್ಪಿಸಿದ್ದ. ಏನು ಕೇಳಿದ್ದರೆಂಬುದು ಈಗ ಅವನಿಗೆ ನೆನಪಿರಲಿಲ್ಲ.

ಊಟದ ನಂತರ ಎರಡನೆಯ ಸುತ್ತು. ಮೇಲಿನ ಅಂತಸ್ತಿನ ಕೋಣೆಯಲ್ಲಿ ಮಲಗಿಸಿದ್ದ ಗೊಂಬೆಯನ್ನು ಹುಡುಕಬೇಕು. ಷೆಲ್ ಹೊಸ ಹಲಗೆಗಳಿಗೆ ಬೆಂಕಿ ಹಚ್ಚಿಸಿದ. ಕಬ್ಬಿಣದ ಸಂದುಗಳಿಂದ ಹಳದಿ ಹೊಗೆ ಉಕ್ಕತೊಡಗಿದಾಗ ಇಬ್ಬರೂ ನೀರಿನ ಪೈಪು ಎಳೆದುಕೊಂಡು ಒಳಗೆ ಹೋದರು. ಬಾಗಿಲಲ್ಲಿ ಅವರು ಕಾಣದಾಗುವ ಮುನ್ನ ಹೆನ್ನಿಂಗ್ ನೋಡಿದ: ಕೈ ಹೆಗಲ ಮೇಲಿತ್ತು. ಪಟ್ಟಿ ಕಟ್ಟಿಕೊಂಡೂ ಕೈ ಹೆಗಲ ಮೇಲೆಯೇ.

ಅವನು ಶೆಡ್ಡಿನ ಗೋಡೆಗೆ ಒರಗಿ ನಿಂತು ಬಲಗೈಯನ್ನು ಎಡತೋಳಿನೊಳಕ್ಕೆ ತೂರಿಸಿದ.

ಅವನ ಪಟ್ಟಿಯಲ್ಲಿ ಎರಡು ಗುಂಡಿಗಳಿದ್ದವು. ಒಂದು ಟೋರಾಳ ತೋಳಿಗೆ, ಒಂದು ರೋಲ್ಫ್‌ನ ತೋಳಿಗೆ. ಬೆಳಿಗ್ಗೆ ಪಟ್ಟಿಗಳನ್ನು ಮೇಜಿನ ಮೇಲಿಟ್ಟು ಸರಿಯಿವೆಯೇ ಎಂದು ಒತ್ತಿ ನೋಡಲು ಅವು ಬೇಕಿದ್ದವು. ಆಗ ಟೋರಾ ಹೊರಗೆ ಸಿಲಿಂಡರ್ ತುಂಬಿಸುತ್ತಿದ್ದಳು, ರೋಲ್ಫ್ ಒಬ್ಬನೇ ಕಾಫಿ ಹೀರುತ್ತ ಪಕ್ಕದಲ್ಲಿ ನಿಂತಿದ್ದ. ಟೋರಾಳ ಪಟ್ಟಿಗೆ ಗೊತ್ತಿದ್ದವನು ಒಬ್ಬನೇ ಜೊತೆಗಾರ. ಯಾರು ಒತ್ತಿದರೂ ಅವಳ ತೋಳಿಗೆ ಅದು ರೋಲ್ಫ್‌ನ ಮಾತಾಗಿಯೇ ಬರುತ್ತಿತ್ತು.

ಅವನು ಯೋಚಿಸದೆ ಮಾಡಿದ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಯೋಚಿಸಿದ. ಅದೊಂದು ಮುದ್ದಿನ ಮಾತು ಎಂಬುದರಲ್ಲಿ ಅವನಿಗೆ ಸಂಶಯ ಉಳಿದಿರಲಿಲ್ಲ. ಅಂಥದ್ದನ್ನು ಹೇಳಿದಾಗ ಅವಳು ಉತ್ತರಿಸುವುದು ಹೇಗೆ ಎಂದು ಒಮ್ಮೆ ತಿಳಿಯಬೇಕಿತ್ತು. ಒಮ್ಮೆ ಆ ಮಾತು ತನ್ನ ಬೆರಳಿನಿಂದ ಹೋಗಬೇಕಿತ್ತು. ಅವಳು ಅದನ್ನು ಬೇರೆಯವನದೆಂದು ತಿಳಿಯುತ್ತಾಳೆ, ತಿಳಿಯಲಿ. ತನ್ನದೆಂದು ತಿಳಿದರೆ ಅವಳು ಉತ್ತರಿಸುವುದು 'ಪರವಾಗಿಲ್ಲ' ಎಂದು.

ಉದ್ದವಾಗಿ ಒತ್ತಿದ. ಆಮೇಲೆ ಎರಡು ಸಲ ಗಿಡ್ಡ.

ಒಳಮೈಯಲ್ಲಿ ಉತ್ತರ ಬಂತು. ಇದ್ದೇನೆ.

ಇಷ್ಟು ಬೇಗ ಅವಳು ಅವನಿಗೆ ಯಾವತ್ತೂ ಉತ್ತರ ಕೊಟ್ಟಿರಲಿಲ್ಲ. ಅವನು ಕಣ್ಣು ಮುಚ್ಚಿದ. ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಜೊತೆ ಮಾತಾಡಿದ ಹಾಗೆ ಅವನಿಗೆ ಎದೆ ತುಂಬಿ ಬಂತು. ನಾಚಿಕೆಯೂ ಆಯಿತು, ಆದರೆ ಸಂತೋಷದಷ್ಟಲ್ಲ.

ಪೈಪು ಹಿಮದ ಮೇಲೆ ಒಮ್ಮೆ ಜಗ್ಗಿತು. ಎಲ್ಲೋ ಸಿಕ್ಕಿಕೊಂಡದ್ದು ಬಿಟ್ಟಂತೆ ಸಡಿಲವಾಯಿತು. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಹೊಗೆಯಿಂದ ಒಂದು ಹೆಲ್ಮೆಟ್ ಹೊರಬಂತು. ರೋಲ್ಫ್. ಅವನು ಎರಡು ಹೆಜ್ಜೆ ಇಟ್ಟು, ಹಿಂದಕ್ಕೆ ಕೈಚಾಚಿ, ಚಾಚಿದ ಕೈಗೆ ಏನೂ ಸಿಗದೆ ಹಾಗೆಯೇ ನಿಂತ.

"ಟೋರಾ ಎಲ್ಲಿ?" ಎಂದ ಷೆಲ್.

ರೋಲ್ಫ್ ಮುಖವಾಡದೊಳಗಿಂದ ಏನೋ ಹೇಳಿದ. ಕೇಳಿಸಲಿಲ್ಲ. ತಿರುಗಿ ಮತ್ತೆ ಒಳಗೆ ನುಗ್ಗಿದ.

ಜೋಡಿಯಲ್ಲಿ ಒಬ್ಬನೇ ಹೊರಗೆ ಬಂದದ್ದನ್ನು ಆ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ. ಷೆಲ್ ರೇಡಿಯೋದಲ್ಲಿ ಕೂಗಿದ, ಕರಕರ ಸದ್ದು ಮಾತ್ರ ಬಂತು. ಮೇಲಿನ ಕಿಂಡಿಗಳನ್ನು ತೆರೆಯಿರೆಂದು ಪಾಳಿಯ ಉಳಿದವರನ್ನು ಓಡಿಸಿದ. ಕಿಂಡಿ ತೆರೆದ ಕೂಡಲೇ ಗಾಳಿ ಸಿಕ್ಕಿದ ಬೆಂಕಿ ಒಳಗೆ ಗುಡುಗಿತು. ಆ ಸದ್ದಿನ ನಡುವೆ ತೆಳ್ಳನೆಯ ಸಿಳ್ಳೆಯೊಂದು ಕೇಳತೊಡಗಿತು. ಸಿಲಿಂಡರಿನ ಗಾಳಿ ತೀರುತ್ತ ಬಂದಾಗ ತಾನಾಗಿ ಕೂಗುವ ಸಿಳ್ಳೆ.

ಹೆನ್ನಿಂಗ್‌ನ ಬೆರಳುಗಳು ಪಟ್ಟಿಯ ಮೇಲಿದ್ದವು. 'ತಿರುಗು' ಎಂದು ಒತ್ತಬಹುದಿತ್ತು. ಅವನೇ ಆರಿಸಿದ ಮಾತು, ಅದಕ್ಕೆಂದೇ ಇದ್ದದ್ದು. ಒತ್ತಿದರೆ ಮೊದಲನೆಯದೂ ತನ್ನದೆಂದು ಗೊತ್ತಾಗುತ್ತದಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಓಡಿತು. ಅವಳು ಸಾಯುತ್ತಿರಬಹುದು ಎಂಬುದೂ ಓಡಿತು. ಎರಡೂ ಒಟ್ಟಿಗೇ ಓಡಿದವು, ಬೆರಳು ಅಲ್ಲೇ ಇತ್ತು.

ಸಿಳ್ಳೆ ಹತ್ತಿರವಾಯಿತು. ರೋಲ್ಫ್ ಅವಳ ಸಿಲಿಂಡರಿನ ಬೆಲ್ಟನ್ನು ಹಿಡಿದು ಎಳೆದುಕೊಂಡು ಬಂದ. ಇಬ್ಬರೂ ಹಿಮದಲ್ಲಿ ಮೊಣಕಾಲೂರಿ ಕುಸಿದರು. ಟೋರಾ ಮುಖವಾಡ ಕಿತ್ತೆಸೆದು ಒಂದು ಹಿಡಿ ಹಿಮ ತೆಗೆದು ಕತ್ತಿಗೆ ಉಜ್ಜಿಕೊಂಡಳು. ಕಿವಿಗಳು ಕೆಂಪಗೆ ಸುಟ್ಟಿದ್ದವು. ಅವಳ ಕೆಮ್ಮು ನಿಲ್ಲುವವರೆಗೂ ಷೆಲ್ ಕಾದ.

"ಆಸ್ಪತ್ರೆಗೆ ಹೋಗೋಣ್ವಾ?" ಎಂದ ಷೆಲ್.

"ಬೇಡ." ಅವಳು ರೋಲ್ಫ್‌ನನ್ನೇ ನೋಡುತ್ತಿದ್ದಳು. "ಎಲ್ಲಿ ಹೋಗಿದ್ದೆ?"

"ಪೈಪು ಮೆಟ್ಟಿಲಿಗೆ ಸಿಕ್ಕಿತ್ತು. ಬಿಡಿಸೋಕೆ ಇಳಿದವನು ಬಾಗಿಲವರೆಗೂ ಬಂದ್ಬಿಟ್ಟೆ. ನೀನು ಹಿಂದೇನೇ ಇದ್ದೀಯ ಅಂದ್ಕೊಂಡೆ."

"ಇರು, ಬರ್ತಾ ಇದೀನಿ ಅಂದೆಯಲ್ಲ."

"ನಾನಾ?"

"ಅಂದೆ. ಒಂದು ಉದ್ದ, ಎರಡು ಗಿಡ್ಡ. ಅದಕ್ಕೇ ನಿಂತೆ. ಗೋಡೆ ಹಿಡ್ಕೊಂಡು ಅಲ್ಲೇ ನಿಂತೆ. ಮೇಲಿಂದ ಬೇಗೆ ಇಳೀತಿತ್ತು, ಆದ್ರೂ ನಿಂತೆ. ಇದ್ದೇನೆ ಅಂತ ಹೇಳಿದ್ನಲ್ಲ."

"ಅದು ಬಂತು" ಎಂದ ರೋಲ್ಫ್ ನಿಧಾನವಾಗಿ. "ನೀನು ಇದ್ದೇನೆ ಅಂದಿದ್ದು ಬಂತು. ನನ್ನ ಬೆನ್ನಿಗೇ ಇದ್ದೀಯ ಅಂತ ತಿಳ್ಕೊಂಡೆ."

ಇರು, ಬರ್ತಾ ಇದೀನಿ. ಇಷ್ಟೇ. ಹೆನ್ನಿಂಗ್‌ಗೆ ಶರತ್ಕಾಲದ ಸಭೆ ಈಗ ನೆನಪಾಯಿತು. ರೋಲ್ಫ್ ಹಿಂದಿನ ಸಾಲಿನಿಂದ ಕೈಯೆತ್ತಿ ಕೇಳಿದ್ದು ಇದನ್ನೇ. ಜೋಡಿ ಅಗಲುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ಅಗಲಿದವರಾಡುವ ಮಾತು ಅನಗತ್ಯ ಎಂದು ಹೆನ್ನಿಂಗ್ ಅದನ್ನು ತಳ್ಳಿಹಾಕಿದ್ದ. ಬೇಡವೆಂದ ಮಾತನ್ನು ಅವನ ಬೆನ್ನ ಹಿಂದೆ ಬಳಸುತ್ತಿದ್ದವರು ಊಟದ ಹೊತ್ತಿನಲ್ಲಿ ಅವನ ಮುಖ ಉಳಿಸಲು ಸುಮ್ಮನಾಗಿದ್ದರು. ಅದು ಮುದ್ದಿನ ಮಾತಲ್ಲ. ಆದರೆ ಆ ಮಾತನ್ನು ನಂಬಿ ಅವಳು ಸುಟ್ಟುಕೊಳ್ಳುತ್ತ ನಿಂತಿದ್ದಳು. ಅವನಿಗೆ ಗೊತ್ತಿದ್ದ ಯಾವ ಮುದ್ದಿನ ಮಾತಿಗೂ ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಈ ಗಳಿಗೆಯಲ್ಲೂ ಅವನ ಹೊಟ್ಟೆ ಉರಿಯಿತು.

ಷೆಲ್ ಅವನ ಕಡೆ ತಿರುಗಿದ. "ನಿನ್ನ ಈ ಸಾಮಾನು ತಾನಾಗೇ ಏನಾದ್ರೂ ಕಳ್ಸುತ್ತಾ?"

"ಇಲ್ಲ" ಎಂದ ಹೆನ್ನಿಂಗ್.

ಅದು ಬಾಯಿಂದ ತಾನಾಗಿ ಹೊರಬಿತ್ತು. ಎರಡು ವರ್ಷ ಪ್ರತಿ ಸಭೆಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. "ಗುಂಡಿ ಒತ್ತದೆ ಅದು ಮಾತಾಡಲ್ಲ. ಹಾಗೆ ಮಾಡಿಲ್ಲ ನಾನು."

"ಅಂದ್ರೆ ಯಾರೋ ಒತ್ತಿದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಹೆನ್ನಿಂಗ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಕೋಟಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ರೋಲ್ಫ್ ಅದನ್ನು ನೋಡಿದ. ಆ ತೋಳನ್ನು, ಆಮೇಲೆ ಅವನ ಮುಖವನ್ನು. ಬೆಳಿಗ್ಗೆ ಕಾಫಿ ಹೀರುತ್ತ ನೋಡಿದ್ದು ಈಗ ಅವನ ಕಣ್ಣಿಗೆ ಬಂದಂತಿತ್ತು. ಹೇಳಿಬಿಡುತ್ತಾನೆ ಎಂದುಕೊಂಡ ಹೆನ್ನಿಂಗ್. ಹೇಳಿಬಿಟ್ಟರೆ ಒಳ್ಳೆಯದು ಎಂದೂ ಅನಿಸಿತು.

ರೋಲ್ಫ್ ಹಿಮಕ್ಕೆ ಉಗುಳಿದ.

"ನಾನೇ ಒತ್ತಿರಬೇಕು" ಎಂದ. "ಪೈಪು ಎಳೆಯುವಾಗ ತೋಳು ಗೋಡೆಗೆ ಉಜ್ಜಿರುತ್ತೆ."

"ಒಂದು ಉದ್ದ, ಎರಡು ಗಿಡ್ಡ?" ಎಂದಳು ಟೋರಾ. "ಉಜ್ಜಿದ್ರೆ ಹಾಗೆ ಬರುತ್ತಾ?"

"ಬಂದಿದೆಯಲ್ಲ."

"ಮೊದಲು 'ನಾನಾ?' ಅಂದೆಯಲ್ಲ ನೀನು."

"ವಯಸ್ಸಾಯ್ತು ಕಣೆ. ಏನು ಮಾಡಿದೆ, ಏನು ಬಿಟ್ಟೆ, ಗೊತ್ತಾಗಲ್ಲ."

ಅವಳು ಎದ್ದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹೆನ್ನಿಂಗ್‌ಗೆ ಪರಿಚಿತವಾದ ಆ ಸೌಜನ್ಯ ಅಲ್ಲಿತ್ತು. ಅದನ್ನು ರೋಲ್ಫ್‌ನ ಕಡೆ ತಿರುಗಿಸಿದ್ದು ಇದೇ ಮೊದಲು.

"ಷೆಲ್, ನನ್ನನ್ನ ಬೇರೆಯವರ ಜೊತೆ ಹಾಕು" ಎಂದಳು.

"ನಾಳೆ ಮಾತಾಡೋಣ."

"ಇವತ್ತೇ ಹಾಕು. ಪಾಳಿ ಬೆಳಿಗ್ಗೆವರೆಗೂ ಇದೆ. ರಾತ್ರಿ ಕರೆ ಬಂದ್ರೆ ಇವನ ಜೊತೆ ಒಳಗೆ ಹೋಗಲ್ಲ ನಾನು."

ಷೆಲ್ ಮೀಸೆ ತೀಡಿಕೊಂಡು, ಸರಿ ಎಂಬಂತೆ ಗೋಣು ಹಾಕಿದ.

ಸಾಮಾನು ಕಟ್ಟುವಾಗ ರೋಲ್ಫ್ ಶೆಡ್ಡಿಗೆ ಬಂದ. ಪಟ್ಟಿಯನ್ನು ಬಿಚ್ಚಿ ಹೆನ್ನಿಂಗ್‌ನ ಪ್ಲಾಸ್ಟಿಕ್ ಪೆಟ್ಟಿಗೆಯೊಳಕ್ಕೆ ಹಾಕಿದ. ಉಳಿದಿದ್ದ ಕಾಫಿಯನ್ನು ಬಗ್ಗಿಸಿಕೊಂಡು ಕುಡಿದ. ಆರಿದ ಕಾಫಿ.

"ಅವಳು ಹಾಗೇ" ಎಂದ. "ಒಂದ್ಸಲ ನಂಬಿಕೆ ಹೋದ್ರೆ ಹೋಯ್ತು."

"ರೋಲ್ಫ್, ನಾನು—"

"ಹೇಳಬೇಡ. ನಂಗೆ ಕೇಳೋಕೆ ಇಷ್ಟ ಇಲ್ಲ." ಅವನು ಲೋಟದೊಳಕ್ಕೆ ನೋಡಿದ. "ನನ್ನ ಮೊಣಕಾಲು ಹೇಗೂ ಈ ವಸಂತದ ಪರೀಕ್ಷೆ ದಾಟಲ್ಲ. ಆಮೇಲೆ ಗಾಡಿ ಓಡಿಸ್ಕೊಂಡು ಇರೋದೇ. ನಾಲ್ಕು ತಿಂಗಳು ಮುಂಚೆ ಹೋಯ್ತು, ಅಷ್ಟೆ."

"ಯಾಕೆ ಹಾಗೆ ಹೇಳ್ದೆ?"

"ಇನ್ನೇನ್ ಹೇಳ್ಲಿ? ಅವಳಿಗೆ ಇನ್ನೊಬ್ಬ ಜೊತೆಗಾರ ಸಂಜೆ ಒಳಗೆ ಸಿಕ್ತಾನೆ. ನಿನ್ನ ವಿಷಯ ಹೇಳಿದ್ರೆ ಮನೆಗೆ ಹೋಗೋಕೂ ಜಾಗ ಇರ್ತಿರಲಿಲ್ಲ ಅವಳಿಗೆ." ಅವನು ನಕ್ಕ. ಒಳ್ಳೆಯ ನಗುವಲ್ಲ. "ಎರಡು ಸಲ ನಾನು ಆ ಜಾಗ ಕಳ್ಕೊಂಡಿದೀನಿ. ಮಜಾ ಇರಲ್ಲ."

"ನಿಮ್ಮಿಬ್ಬರ ಮಧ್ಯೆ..." ಹೆನ್ನಿಂಗ್ ನಿಲ್ಲಿಸಿದ. ಇದನ್ನೇ ಕೇಳಬೇಕೆಂದು ಎಷ್ಟು ಕಾಲ ಕಾದಿದ್ದ.

ರೋಲ್ಫ್ ಅವನತ್ತ ತಿರುಗಿದ. "ಥೂ" ಎಂದ. ಲೋಟವನ್ನು ಮೇಜಿನ ಮೇಲಿಟ್ಟು ಕುಂಟುತ್ತ ಹೊರಗೆ ಹೋದ.

ಉತ್ತರ ಸಿಗಲಿಲ್ಲ. ಸಿಕ್ಕಿದೆ ಎಂದೂ ಅನಿಸಿತು.

ಟೋರಾ ಬಂದಾಗ ಕತ್ತಲಾಗುತ್ತಿತ್ತು, ಗಂಟೆ ಇನ್ನೂ ಮೂರಾಗಿರಲಿಲ್ಲ. ಕಿವಿಗಳಿಗೆ ಮುಲಾಮು ಹಚ್ಚಿದ್ದರು. ಅವಳು ಪಟ್ಟಿಯನ್ನು ಬಿಚ್ಚಿ ರೋಲ್ಫ್‌ನ ಪಟ್ಟಿಯ ಮೇಲೆ ಹಾಕಿದಳು.

"ಚೆನ್ನಾಗಿದೆ ಇದು" ಎಂದಳು. "ಸ್ಪಷ್ಟವಾಗಿ ತಿಳೀತು. ಇದರ ತಪ್ಪೇನಿಲ್ಲ."

"ನೋವಿದೆಯಾ?"

"ಪರವಾಗಿಲ್ಲ."

ಅವನು ಬಾಯಿ ತೆರೆದ. ಈಗ ಹೇಳಿದರೆ ಅವಳು ಹೊರಗೆ ಓಡಿಹೋಗಿ ರೋಲ್ಫ್‌ನ ತೋಳು ಹಿಡಿದುಕೊಳ್ಳುತ್ತಾಳೆ. ಲಾರಿ ಇನ್ನೂ ಹೊರಟಿಲ್ಲ. ಅವಳು ಹಿಡಿದುಕೊಳ್ಳುವ ರೀತಿ ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಹೇಳದಿದ್ದರೆ ಅವಳು ಇವತ್ತು ರಾತ್ರಿ ಯಾವನೋ ಹೊಸಬನ ಜೊತೆ, ಯಾರ ಮಾತನ್ನೂ ನಂಬದೆ, ಹೊಗೆಗೆ ಇಳಿಯುತ್ತಾಳೆ.

"ಬೆಳಿಗ್ಗೆಗೆ ಹಾಲು ತರಲಾ?" ಎಂದ.

ಅವಳು ಅವನನ್ನು ನೋಡಿದಳು. ಬಹಳ ದೂರದಿಂದ ಯಾರೋ ಕರೆದಂತೆ, ಕರೆದದ್ದು ತನ್ನನ್ನೇ ಎಂದು ಖಾತ್ರಿಯಿಲ್ಲದಂತೆ.

"ತಾ" ಎಂದಳು. "ಇದ್ರೆ ಬ್ರೆಡ್ಡೂ."

ಲಾರಿ ಹೊರಟಿತು. ರೋಲ್ಫ್ ಹಿಂದಿನ ಸೀಟಿನಲ್ಲಿದ್ದ. ಟೋರಾ ಮುಂದೆ, ಷೆಲ್‌ನ ಪಕ್ಕದಲ್ಲಿ. ಅವರ ನಡುವೆ ಸೀಟುಗಳ ಒಂದು ಸಾಲೇ ಇತ್ತು. ಹೆನ್ನಿಂಗ್ ಬಯಸಿದ್ದು ಇದನ್ನೇ. ಕೆಂಪು ದೀಪಗಳು ಬರ್ಚ್ ಮರಗಳಾಚೆ ಕಾಣದಾದಮೇಲೂ ಅವನು ಆ ಸಂತೋಷಕ್ಕಾಗಿ ಕಾದ. ಬರಲಿಲ್ಲ. ಹಳೆಯ ಉರಿ ಇತ್ತು, ಆದರೆ ಅದಕ್ಕೀಗ ಸುಡಲು ಯಾರೂ ಇರಲಿಲ್ಲ. ಅದು ಇನ್ನೂ ಹಿಂಸೆಯಾಯಿತು.

ಪೆಟ್ಟಿಗೆಯನ್ನು ಕಾರಿಗೆ ಒಯ್ಯುತ್ತಿದ್ದವನು ಅದನ್ನು ಕಬ್ಬಿಣದ ಮನೆಯ ಬಾಗಿಲಲ್ಲಿ ಹಿಮದ ಮೇಲೆ ಇಳಿಸಿದ. ಯಾಕೆಂದು ಅವನಿಗೂ ಹೇಳಲು ಬರುತ್ತಿರಲಿಲ್ಲ. ಎರಡು ವರ್ಷ ಅವನು ಈ ಮನೆಯೊಳಗಿನವರಿಗಾಗಿ ಕೆಲಸ ಮಾಡಿದ್ದ, ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ವಿಮೆಯವರ ಅಡ್ಡಿ ಎಂದು ಎಲ್ಲರಿಗೂ ಹೇಳುತ್ತಿದ್ದ.

ಒಳಗೆ ಒದ್ದೆ ಬೂದಿಯ ವಾಸನೆ, ಗೋಡೆಗಳಲ್ಲಿ ಇನ್ನೂ ಬಿಸಿ. ಬಲ ಅಂಗೈಯನ್ನು ಗೋಡೆಗೆ ಊರಿ ನಡೆದ. ಮೆಟ್ಟಿಲು ಹತ್ತಿದ. ಮೇಲೆ ಕತ್ತಲೆ ಎಷ್ಟು ದಟ್ಟವಾಗಿತ್ತೆಂದರೆ ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಕಾಲಿಗೆ ಮೆತ್ತನೆಯದೇನೋ ತಾಗಿತು. ಗೊಂಬೆ. ಇವತ್ತು ಅದನ್ನು ಯಾರೂ ಹುಡುಕಿರಲಿಲ್ಲ. ಅವನು ಅದರ ಪಕ್ಕದಲ್ಲಿ ಗೋಡೆ ಹಿಡಿದು ನಿಂತ. ಅವಳು ನಿಂತಿದ್ದು ಇಲ್ಲೇ ಇರಬೇಕು.

ತೋಳೊಳಗೆ ಕೈ ತೂರಿಸಿ ಟೋರಾಳ ಗುಂಡಿಯನ್ನು ಒತ್ತಿದ. ಇದ್ದೀಯಾ.

ಕೆಳಗೆ, ಬಾಗಿಲಾಚೆ, ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಗುರ್ರೆಂದಿತು. ಮರುಕ್ಷಣವೇ ಅವನ ತೋಳಿನ ಒಳಮೈಯಲ್ಲಿ, ಚರ್ಮ ತೆಳ್ಳಗಿರುವ ಕಡೆ, ಸಣ್ಣ ನಡುಕ. ಇದ್ದೇನೆ.

ಬಯಲಿನಲ್ಲಿ ಯಾರೂ ಇರಲಿಲ್ಲ. ಇರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಒಂದು ಪಟ್ಟಿಯ ಮೇಲೆ ಇನ್ನೊಂದು ಬಿದ್ದಿದೆ, ನಡುಗಿದ ಟೋರಾಳ ಪಟ್ಟಿ ಅದುರಿ ಮಗ್ಗುಲಾಗಿ ತನ್ನ ಗುಂಡಿಯನ್ನು ತಾನೇ ಇನ್ನೊಂದಕ್ಕೆ ತಾಗಿಸಿಕೊಂಡಿದೆ. ಮಾತೊಂದು ಬಂದ ಕೂಡಲೇ ಗುಂಡಿ ಹೇಗೆ ತಾಗಿದರೂ ಅದು 'ಇದ್ದೇನೆ' ಎಂದೇ ಹೋಗುತ್ತದೆ. ದಪ್ಪ ಕೈಗವಸಿನ ಮುಷ್ಟಿಗೆ ನಾಜೂಕು ಸಾಧ್ಯವಿಲ್ಲ ಎಂದು ಹಾಗೆ ಮಾಡಿದ್ದ. ಯಾವ ತೋಳೂ ಬೇಕಿರಲಿಲ್ಲ ಅದಕ್ಕೆ.

ಇದ್ದೀಯಾ, ಎಂದು ಮತ್ತೆ ಒತ್ತಿದ.

ಇದ್ದೇನೆ. ತಡವಿಲ್ಲದೆ, ಬೇಸರವಿಲ್ಲದೆ.

ಅವನು ಉದ್ದವಾಗಿ ಒಂದು ಸಲ ಒತ್ತಿದ, ಗಿಡ್ಡವಾಗಿ ಎರಡು ಸಲ. ಪೆಟ್ಟಿಗೆ ಗುರುಗುಟ್ಟಿತು, ಉತ್ತರ ಬಂತು. ಬರ್ತಾ ಇದೀನಿ ಎಂದವನು ಅಂಗೈಯನ್ನು ಬಿಸಿಗೋಡೆಗೆ ಊರಿಕೊಂಡು ಕತ್ತಲೆಯಲ್ಲಿ ಅಲ್ಲೇ ನಿಂತಿದ್ದ.